ಹಿಡಿ ಅಕ್ಕಿಯ ನೇಮ

ಮಾನವನು ಸಂಕಲ್ಪಜೀವಿ. ಸ್ವಂತದ್ದೊಂದು ಮನೆಯಾಗಬೇಕು, ಮಕ್ಕಳಿಗೆ ವಿದ್ಯೆ ಕೊಡಿಸಬೇಕು, ಬರಡು ಹೊಲದಲ್ಲಿ ನಾಲ್ಕು ಮರ ಬೆಳೆಸಬೇಕು ಎಂಬ ಕನಸು ಯಾರಿಗಿಲ್ಲ? ಕನಸು ಕಾಣುವುದು ದೋಷವಲ್ಲ. ಆದರೆ ಅನೇಕರ ಕನಸು ಕನಸಾಗಿಯೇ ಉಳಿಯುವುದು. ಇದಕ್ಕೆ ಬಡತನವೊಂದೇ ಕಾರಣವಲ್ಲ. ‘ಒಳ್ಳೆಯ ಕಾಲ ಬರಲಿ, ಕೈಯಲ್ಲಿ ನಾಲ್ಕು ಕಾಸು ಸೇರಲಿ, ಆಮೇಲೆ ನೋಡೋಣ’ ಎಂದು ಆರಂಭವನ್ನೇ ಮುಂದೂಡುವ ನಮ್ಮ ಸ್ವಭಾವವೂ ಕಾರಣ. ಈ ರೋಗಕ್ಕೆ ಶರಣರು ಕಂಡುಕೊಂಡ ಮದ್ದು ಕಾಯಕ ಮತ್ತು ನೇಮ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿದ್ದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆಯನ್ನು ನೆನೆಯೋಣ. ನೆಲದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಆ ಅಕ್ಕಿಯಿಂದಲೇ ಜಂಗಮ ದಾಸೋಹ ನಡೆಯಬೇಕೆಂಬುದು ಇಬ್ಬರ ಹಂಬಲ. ಒಮ್ಮೆ ಮಾರಯ್ಯನು ಅನುಭಾವದ ಮಾತಿನಲ್ಲಿ ಮೈಮರೆತಾಗ, ಕಾಯಕದ ಹೊತ್ತು ಮೀರುತ್ತಿದೆಯೆಂದು ಲಕ್ಕಮ್ಮನೇ ಎಚ್ಚರಿಸಿದಳು. ಮತ್ತೊಮ್ಮೆ ಅವನು ದಿನದ ಅಳತೆಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು.

ಈ ಎರಡು ಪ್ರಸಂಗಗಳಲ್ಲಿ ಎರಡು ಪಾಠಗಳಿವೆ. ಎಷ್ಟೇ ಉನ್ನತವಾದ ಮಾತಾದರೂ ಇಂದಿನ ಕೆಲಸಕ್ಕೆ ಬದಲಾಗಲಾರದು ಎಂಬುದು ಮೊದಲನೆಯದು. ಒಂದೇ ದಿನದಲ್ಲಿ ಎಲ್ಲವನ್ನೂ ಬಾಚಿಕೊಳ್ಳುವ ಆತುರದಲ್ಲಿ ಸಂಕಲ್ಪವು ಆಸೆಯಾಗಿ ಕೆಡುವುದು ಎಂಬುದು ಎರಡನೆಯದು. ಕೆಲಸ ತಪ್ಪಲೂ ಕೂಡದು, ಅಳತೆ ಮೀರಲೂ ಕೂಡದು. ಇದೇ ನೇಮ.

ಇದು ಹಳೆಯ ಕಾಲದ ಮಾತು, ಈಗ ನಡೆಯುವುದೇ ಎಂದು ಕೇಳುವವರುಂಟು. ಅವರು ದೂರ ನೋಡಬೇಕಾಗಿಲ್ಲ. ನಮ್ಮ ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ತಿಮ್ಮಕ್ಕನವರು ಮಾಗಡಿ ಸೀಮೆಯ ಹುಲಿಕಲ್ಲಿನ ಚಿಕ್ಕಯ್ಯನವರ ಕೈಹಿಡಿದರು. ಓದು ಬರಹವಿಲ್ಲ, ಕೂಲಿಯೇ ಜೀವನ. ದಂಪತಿಗಳಿಗಿದ್ದ ಕನಸು ಒಂದೇ, ಮಡಿಲಲ್ಲೊಂದು ಮಗು. ಅದು ಕೈಗೂಡಲಿಲ್ಲ. ಆ ದುಃಖವನ್ನು ಅವರು ಕುಳಿತು ಕಳೆಯದೆ, ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ದಾರಿಯ ಬದಿಯಲ್ಲಿ ಆಲದ ಸಸಿಗಳನ್ನು ನೆಡತೊಡಗಿದರು. ಮೊದಲ ವರುಷ 10, ಎರಡನೆಯ ವರುಷ 15, ಮೂರನೆಯ ವರುಷ 20. ಮಳೆಗಾಲದ ಹೊತ್ತಿಗೆ ನೆಡುವುದು, ದನಕರು ಮೇಯದಂತೆ ಮುಳ್ಳಿನ ಬೇಲಿ ಕಟ್ಟುವುದು, ಬೇಸಗೆಯಲ್ಲಿ ದೂರದಿಂದ ಕೊಡಗಳಲ್ಲಿ ನೀರು ಹೊತ್ತು ತಂದು ಎರೆಯುವುದು, ಇಷ್ಟೇ ಅವರ ನೇಮ. ಹೀಗೆ ಸುಮಾರು ನಾಲ್ಕು ಕಿಲೋಮೀಟರು ದಾರಿಯಲ್ಲಿ 385 ಆಲದ ಮರಗಳಾದವು. 1991ರಲ್ಲಿ ಚಿಕ್ಕಯ್ಯನವರು ತೀರಿಕೊಂಡ ಮೇಲೂ ತಿಮ್ಮಕ್ಕನವರು ಮರಗಳನ್ನು ಮರೆಯಲಿಲ್ಲ. 2019ರಲ್ಲಿ ರಸ್ತೆಯ ಅಗಲೀಕರಣದಿಂದ ಅವುಗಳಿಗೆ ಅಪಾಯ ಬಂದಾಗ, ಆ ವೃದ್ಧೆಯೇ ಸರ್ಕಾರಕ್ಕೆ ಮೊರೆಯಿಟ್ಟರು. ಅದೇ ವರುಷ ಪದ್ಮಶ್ರೀ ಅವರನ್ನರಸಿ ಬಂದಿತು. 2025ರ ನವೆಂಬರಿನಲ್ಲಿ ಅವರು ಕಾಲವಾದರು; ನೆರಳು ಉಳಿದಿದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅವರು ಮೊದಲು ಬಯಸಿದ್ದು ಅವರಿಗೆ ದೊರೆಯಲಿಲ್ಲ. ‘ನನಗೆ ಬೇಕು’ ಎಂಬ ಬಯಕೆಯು ದಿನದಿನದ ದುಡಿಮೆಯಲ್ಲಿ ಮಾಗಿ, ದಾರಿಹೋಕರೆಲ್ಲರ ನೆರಳಾಯಿತು. ಆಯ್ದ ಅಕ್ಕಿ ದಾಸೋಹವಾದಂತೆಯೇ ಇದು. ಆದುದರಿಂದ ನಿತ್ಯದ ಸಣ್ಣ ಕ್ರಿಯೆಯು ಕನಸನ್ನು ನನಸಾಗಿಸುವ ಉಪಾಯ ಮಾತ್ರವಲ್ಲ, ಕನಸನ್ನೇ ಶುದ್ಧಿಗೊಳಿಸುವ ಸಾಧನೆಯೂ ಹೌದು. ಫಲವು ನಾವೆಣಿಸಿದ ರೂಪದಲ್ಲಿಯೇ ಬರಬೇಕೆಂಬ ಹಟವು ಶರಣರಿಗೆ ಸಲ್ಲದು.

ನಮ್ಮ ಶಿರಾ ಸೀಮೆಯವರಿಗೆ ಇದು ಹೊಸತೇ? ಮಳೆ ನಂಬಿಕೆಗೆ ನಿಲ್ಲದ ನಾಡಿದು. ಮೋಡ ಕಂಡ ಮೇಲೆ ನೇಗಿಲು ಹುಡುಕುವವನಿಗೆ ಹದ ತಪ್ಪುವುದು. ಬದು ಸರಿಪಡಿಸಿ, ಹೊಲ ಹಸನು ಮಾಡಿಟ್ಟವನಿಗೆ ಒಂದೇ ಮಳೆಯಾದರೂ ದಕ್ಕುವುದು. ಕಡಲೆಕಾಯಿ ಕಿತ್ತ ಹೊಲದಲ್ಲಿ ಉಳಿದ ಕಾಯಿಗಳನ್ನು ಆಯುವ ತಾಯಿಯನ್ನು ನೋಡಿರಿ. ಅವಳು ರಾಶಿಯನ್ನು ನೆನೆದು ಕೂರುವುದಿಲ್ಲ, ಕೈಗೆ ಸಿಕ್ಕ ಕಾಯನ್ನು ಮಡಿಲಿಗೆ ಹಾಕಿ ಮುಂದಿನದಕ್ಕೆ ಬಾಗುವಳು. ಸಂಜೆಗೆ ಮಡಿಲು ತುಂಬಿರುವುದು.

ಓದುಗರು ತಮ್ಮ ಸಂಕಲ್ಪಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಲಿ. ಅದಕ್ಕಾಗಿ ಪ್ರತಿದಿನವೂ ತಪ್ಪದೆ ಮಾಡಬಹುದಾದ ಕಿರಿದಾದ ಕೆಲಸವೊಂದನ್ನು ಗೊತ್ತುಮಾಡಿಕೊಳ್ಳಲಿ: ಒಂದು ಪುಟದ ಓದು, ಒಂದು ಕಾಸಿನ ಉಳಿತಾಯ, ಒಂದು ಗಿಡಕ್ಕೆ ಒಂದು ಕೊಡ ನೀರು. ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಮಾಡಿ ತೀರಿಸುವ ಹಟ ಬೇಡ. ಬಿಟ್ಟಲ್ಲಿಂದ ಮತ್ತೆ ಹಿಡಿದರೆ ಸಾಕು. ಲಕ್ಕಮ್ಮನು ಕೇಳಿದ್ದು ಆ ದಿನದ ಅಕ್ಕಿಯನ್ನು ಮಾತ್ರ. ನಾಳೆಯ ಅಕ್ಕಿಗೆ ನಾಳೆಯ ಕಾಯಕವಿದೆ.