ಮಗ್ಗಿ ಬಲ್ಲ ಆಳು



ಹಾನಗಲ್ ಕಡೆಯ ಅಡಿಕೆ ತೋಟಗಳಿಗೆ ಮುಂಗಾರು ಬಂತೆಂದರೆ ಕೊಳೆರೋಗದ ಚಿಂತೆಯೂ ಬಂದಂತೆ. ಔಷಧ ಹೊಸದೇನಲ್ಲ, ಶೇಕಡಾ 1ರ ಬೋರ್ಡೋ ದ್ರಾವಣ. 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆ ಬೇರೆ ಕದಡಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕು. ಹದ ನೋಡಲು ಕಬ್ಬಿಣದ ಚೂರಿ ಅದ್ದುತ್ತೇವೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ.

30 ಲೀಟರ್ ಪೀಪಾಯಿಗೆ ಎಷ್ಟು ತುತ್ತ? 300 ಗ್ರಾಂ. ನಾಲ್ಕನೆಯ ತರಗತಿಯ ಹುಡುಗ ಹೇಳುವ ಲೆಕ್ಕವಿದು. ನಮ್ಮ ತೋಟದಲ್ಲಿ ಶಾಲೆ ಕಾಣದ ಆಳು ಒಮ್ಮೆ ಹಿಡಿಯಲ್ಲಿ ಅಳೆದು ಹಾಕಿದ. ದ್ರಾವಣ ಸಪ್ಪೆಯಾಗಿ, ಆ ಸಾಲಿನ ಕಾಯಿಯೆಲ್ಲ ಮರದ ಬುಡಕ್ಕೆ ಬಿತ್ತು. ತಪ್ಪು ಅವನದೆಂದು ಬೈದೆವು. ಆದರೆ ಅವನು ಹತ್ತು ವರ್ಷದವನಿದ್ದಾಗ ಸುಗ್ಗಿಯಲ್ಲಿ ಶಾಲೆ ಬಿಡಿಸಿ ಅಡಿಕೆ ಸುಲಿಯಲು ಕೂರಿಸಿಕೊಂಡವರು ನಾವೇ ಅಲ್ಲವೇ? ಅಂದು ಉಳಿಸಿದ ಕೂಲಿಗಿಂತ ಇಂದು ಕಳೆದ ಫಸಲು ದೊಡ್ಡದು.

2011ರ ಜನಗಣತಿಯಲ್ಲಿ ಹಾವೇರಿ ಜಿಲ್ಲೆಯ ಸಾಕ್ಷರರು ನೂರಕ್ಕೆ ಸುಮಾರು 77. ಗಂಡಸರಲ್ಲಿ 84, ಹೆಂಗಸರಲ್ಲಿ 70. ಅಡಿಕೆ ಸುಲಿಯುವವರಲ್ಲಿ ಹೆಚ್ಚಿನವರು ಹೆಂಗಸರು, ಹಿರೇಕೆರೂರು ಸೀಮೆಯ ಬೀಜೋತ್ಪಾದನೆ ಹೊಲಗಳಲ್ಲಿ ಹೂವಿಗೆ ಪರಾಗ ಹಚ್ಚುವವರೂ ಅವರೇ. ಸವಣೂರಿನ ವೀಳ್ಯದೆಲೆಯ ತೋಟವಿರಲಿ, ನಮ್ಮ ಅಡಿಕೆ ಇರಲಿ, ತೂಕದ ಚೀಟಿ ಓದಲಾರದವರು ಕೊಟ್ಟಷ್ಟು ತೆಗೆದುಕೊಳ್ಳುತ್ತಾರೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಗೆ 2011ರಲ್ಲಿ ಜಾನಪದ ವಿಶ್ವವಿದ್ಯಾಲಯವೇ ಬಂತು, ಸಂತೋಷ. ನಮ್ಮ ತೊಡಕಿರುವುದು ಅದಕ್ಕಿಂತ ಬಹಳ ಕೆಳಗಿನ ಮೆಟ್ಟಿಲಲ್ಲಿ.

ಕಲಿಕೆ ಒಬ್ಬನ ಬದುಕನ್ನು ಎಲ್ಲಿಗೆ ಒಯ್ಯುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. 1892ರಲ್ಲಿ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಕುರುಡು ಮಗುವನ್ನು ಹಳ್ಳಿಯವರು ಮನೆಗೆ ಭಾರವೆಂದೇ ಎಣಿಸಿರಬೇಕು. ಹಾನಗಲ್ ಕುಮಾರಸ್ವಾಮಿಗಳು ಆ ಹುಡುಗನಿಗೆ ಸಂಗೀತ ಕಲಿಸುವ ಏರ್ಪಾಟು ಮಾಡಿದರು. ಆತನೇ ಪಂಚಾಕ್ಷರಿ ಗವಾಯಿ. ಅವರ ಶಿಷ್ಯ, ಅದೇ ತಾಲ್ಲೂಕಿನ ದೇವಗಿರಿಯ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದವರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳನ್ನು ಸ್ವಂತ ದುಡಿಮೆಯ ಕಲಾವಿದರನ್ನಾಗಿ ಮಾಡಿದರು. ಅಲ್ಲಿ ಅನ್ನದ ಜೊತೆಗೆ ಕಸುಬನ್ನೂ ಕೊಟ್ಟರು ಎಂಬುದನ್ನು ಗಮನಿಸಬೇಕು.

14 ವರ್ಷದೊಳಗಿನವರನ್ನು ಕೂಲಿಗೆ ಹಚ್ಚುವುದನ್ನು 2016ರ ತಿದ್ದುಪಡಿ ನಿಷೇಧಿಸಿದೆ. ಕಾನೂನಿನ ಮಾತು ಹಾಗಿರಲಿ. ಈ ಸುಗ್ಗಿಗೆ ಸುಲಿಯುವ ಕೆಲಸವನ್ನು ದೊಡ್ಡವರಿಗಷ್ಟೇ ಕೊಡೋಣ. ಆಳು ಸಾಲದಿದ್ದರೆ ನಾಲ್ಕು ಮನೆಯವರು ಸೇರಿ ಒಂದು ಸುಲಿಯುವ ಯಂತ್ರ ತರಬಹುದು. ದೊಡ್ಡವರಾದ ಆಳುಗಳಿಗೆ ತಕ್ಕಡಿ, ಅಳತೆ ಮತ್ತು ಔಷಧ ಚೀಟಿ ಓದುವುದನ್ನು ಮಳೆಗೆ ಮುಂಚೆ ಕಲಿಸಬೇಕು. ಅದಕ್ಕೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ ನೋಡಬಹುದು. ಮೊದಲ ದಿನದ ಪಾಠ 30 ಲೀಟರ್ ಪೀಪಾಯಿಯದೇ ಆಗಲಿ.