ಸ್ಕೂಟರ್ ಕೀ ಕೇಳಿದ ಅಳಿಯನಿಗೆ

ಸುಹಾಸ,

ಟ್ಯೂಷನ್ನಿಗೆ ಅಮ್ಮನ ಸ್ಕೂಟರ್ ಬೇಕೆಂದು ಊಟ ಬಿಟ್ಟು ಕೂತಿದ್ದೀಯಂತೆ. ನಾನು ಹೇಳಿದರೆ ಅಮ್ಮ ಒಪ್ಪುತ್ತಾಳೆ ಅಂತ ನನಗೇ ಫೋನ್ ಮಾಡಿದೆ. ನಾನು ಹೇಳುವುದಿಲ್ಲ. ಯಾಕೆ ಅನ್ನುವುದನ್ನು ನಿನ್ನ ಓರಗೆಯವರೂ ಓದಲಿ ಅಂತ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

"ಹದಿನಾರಕ್ಕೇ ಲೈಸೆನ್ಸ್ ಕೊಡ್ತಾರೆ ಮಾವ" ಅಂದೆ. ಕೊಡುತ್ತಾರೆ, 50 ಸಿಸಿ ಮೀರದ ಗೇರಿಲ್ಲದ ಗಾಡಿಗೆ. ಅಮ್ಮನದು 110 ಸಿಸಿ, ಅದಕ್ಕೆ 18 ತುಂಬಬೇಕು. ನೀನು ಸಿಕ್ಕಿಬಿದ್ದರೆ, 2019ರ ತಿದ್ದುಪಡಿಯ ಪ್ರಕಾರ, ಕೋರ್ಟಿನಲ್ಲಿ ನಿಲ್ಲಬೇಕಾದವಳು ಅವಳು: 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು. ನಿನಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಕಾನೂನು ಇಷ್ಟು ಸಾಕು. ಪೊಲೀಸರಿಗೆ ಮಾತ್ರ ಹೆದರುವವನು ಪೊಲೀಸರಿಲ್ಲದ ರಸ್ತೆಯಲ್ಲಿ ಹೇಗೆ ಓಡಿಸುತ್ತಾನೆಂದು ನಾನು ದಿನಾ ನೋಡುತ್ತೇನೆ.

ನೀನು ಸೈನ್ಸ್ ತಗೊಂಡವನು, ಲೆಕ್ಕ ಹಾಕು. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಹತ್ತಿರಹತ್ತಿರ 17 ಮೀಟರ್. ನಾಯಿ ಅಡ್ಡ ಬಂದದ್ದು ಕಣ್ಣಿಗೆ ಬಿದ್ದು, ಬೆರಳು ಬ್ರೇಕ್ ಹಿಡಿಯುವಷ್ಟರಲ್ಲಿ ಒಂದು ಸೆಕೆಂಡ್ ಹೋಗಿರುತ್ತದೆ. ಆಮೇಲೆ ಗಾಡಿ ನಿಲ್ಲಲು 30ರಲ್ಲಿ ಎಷ್ಟು ದೂರ ಬೇಕೋ ಅದರ ನಾಲ್ಕರಷ್ಟು 60ರಲ್ಲಿ ಬೇಕು.

ಅದೂ ಒಣ ಡಾಂಬರಿನ ಮೇಲೆ. ಡಿಸೆಂಬರ್, ಜನವರಿಯಲ್ಲಿ ನಮ್ಮೂರ ಕಡೆ ಬಂದು ನೋಡು. ಬಸ್ಸು ಲಾರಿಗಳ ಚಕ್ರವೇ ಒಕ್ಕಣೆ ಮಾಡಲಿ ಅಂತ ರಾಗಿ ತೆನೆ, ಹುರುಳಿ ಗಿಡ ರಸ್ತೆಗೆ ಹರಡಿರುತ್ತಾರೆ. ಆಳು ಸಿಗದೆ ಕಣ ಮಾಡುವುದೇ ಬಿಟ್ಟುಹೋಗಿದೆ. ರೈತರನ್ನು ಬೈದರೆ ಆಯಿತೇ? ಮೇಲೆ ಕಾಣುವುದು ಬರೀ ಸೊಪ್ಪುಕಡ್ಡಿ, ಅಡಿಯಲ್ಲಿ ಹುರುಳಿಕಾಳು ಗೋಲಿಯ ಹಾಗೆ ಉರುಳುತ್ತಿರುತ್ತದೆ. ಅಲ್ಲಿ ಮುಂದಿನ ಬ್ರೇಕ್ ಒತ್ತಿದರೆ ಚಕ್ರ ಜಾರಿ ಗಾಡಿ ಮಲಗುತ್ತದೆ. ದೂರದಿಂದಲೇ ವೇಗ ಇಳಿಸಿ, ಹ್ಯಾಂಡಲ್ ನೇರ ಹಿಡಿದು, ಬ್ರೇಕ್ ಮುಟ್ಟದೆ ದಾಟಬೇಕು. ತಿರುವಿನಲ್ಲಿ ಬಿದ್ದ ಮರಳು, ಮೊದಲ ಮಳೆಗೆ ಮೇಲೆದ್ದ ಎಣ್ಣೆಜಿಡ್ಡು, ಇವೂ ಹಾಗೆಯೇ. ಬಣ್ಣ ಬಳಿಯದ ಹಂಪು ರಾತ್ರಿ ಕಾಣುವುದೇ ಇಲ್ಲ. ಎದುರಿನವನ ಹೈಬೀಮ್ ಕಣ್ಣಿಗೆ ಹೊಡೆದರೆ ವೇಗ ತಗ್ಗಿಸಿ ರಸ್ತೆಯ ಎಡ ಅಂಚು ನೋಡಿಕೊಂಡು ಹೋಗು.

ಇನ್ನು ನಿನ್ನ ಗೆಳೆಯರು. "ಇಲ್ಲೇ ಬಸ್‌ಸ್ಟ್ಯಾಂಡ್‌ವರೆಗೆ, ಅಡ್ಜಸ್ಟ್ ಮಾಡ್ಕೊಳೋ" ಅಂತ ಮೂರನೆಯವನು ಹತ್ತಲು ಬರುತ್ತಾನೆ. ಆಗಲ್ಲ ಅನ್ನಲು ಬಾಯಿ ಬರದವನಿಗೆ ಗಾಡಿ ಕೊಡಬಾರದೆಂಬುದು ನನ್ನ ಹಟ. ಆರ್‌ಟಿಓ ಪರೀಕ್ಷೆಯಲ್ಲಿ ಇದನ್ನು ಯಾರೂ ನೋಡುವುದಿಲ್ಲ. ಫೋನ್ ಬ್ಯಾಗಿನೊಳಗಿರಲಿ. ಹೆಲ್ಮೆಟ್ ಐಎಸ್‌ಐ ಗುರುತಿನದೇ ಆಗಬೇಕು, ಗದ್ದದ ಪಟ್ಟಿ ಹಾಕದಿದ್ದರೆ ಬಿದ್ದಾಗ ತಲೆಗಿಂತ ಮೊದಲು ಅದೇ ಹಾರಿಹೋಗುತ್ತದೆ. ಹಿಂದೆ ಕೂರುವವನಿಗೂ ಒಂದು ಬೇಕು.

18 ತುಂಬಿದ ಮೇಲೆ ಎಲ್‌ಎಲ್ (ಕಲಿಕಾ ಲೈಸೆನ್ಸ್) ಮಾಡಿಸು. ಪರೀಕ್ಷೆಗೆ 30 ದಿನ ಕಾಯಬೇಕಲ್ಲ, ಆ ತಿಂಗಳ ಭಾನುವಾರಗಳು ನನ್ನವು. ಖಾಲಿ ಮೈದಾನದಲ್ಲಿ ಎರಡೂ ಬ್ರೇಕ್ ಹಿಡಿದು ನಿಲ್ಲಿಸುವುದನ್ನೇ ಮೊದಲು ಮಾಡಿಸುತ್ತೇನೆ, ನಿನಗೆ ಬೇಜಾರಾದರೂ ಬಿಡುವುದಿಲ್ಲ. ಅಲ್ಲಿಯವರೆಗೆ ಟ್ಯೂಷನ್ನಿಗೆ ಸೈಕಲ್. ಅದರ ಬ್ರೇಕ್ ರಬ್ಬರ್ ಸವೆದಿದೆಯಂತೆ, ಹೊಸದು ಹಾಕಿಸಲು ಅಮ್ಮನ ಹತ್ತಿರ ದುಡ್ಡು ಕೊಟ್ಟಿದ್ದೇನೆ.

ಇತಿ,
ನಿನ್ನ ಮಾವ