ಕಂಟ್ರೋಲ್-ಸಿ ಒತ್ತಿದಾಗ ಫೈಲ್ ತುಂಡಾಗದಿರಲಿ

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಸಾವಿರ ಹಳೆಯ ಫೈಲ್‌ಗಳನ್ನು ಯೂನಿಕೋಡ್‌ಗೆ ಬದಲಿಸಲು ಪೈಥಾನ್‌ನಲ್ಲಿ ಪುಟ್ಟ ಪ್ರೋಗ್ರಾಂ ಬರೆದು, ಲಿನಕ್ಸ್ ಟರ್ಮಿನಲ್‌ನಲ್ಲಿ ಓಡಿಸಿದ್ದೆ. ನಡುವೆ ಹೊರಗೆ ಹೋಗಬೇಕಾಗಿ ಬಂತು, ಕಂಟ್ರೋಲ್-ಸಿ ಒತ್ತಿದೆ. ಆ ಗಳಿಗೆಯಲ್ಲಿ ಬರೆಯುತ್ತಿದ್ದ ಫೈಲ್ ಅರ್ಧಕ್ಕೇ ನಿಂತಿತು. ಮತ್ತೆ ಓಡಿಸಿದಾಗ ಪ್ರೋಗ್ರಾಂ ಅದನ್ನು ಮುಗಿದ ಕೆಲಸವೆಂದೇ ಎಣಿಸಿ ಮುಂದಕ್ಕೆ ಹೋಯಿತು. ಕೊನೆಯ ಪುಟಗಳಿಲ್ಲ ಎಂದು ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಇದನ್ನು ತಪ್ಪಿಸುವುದು ಕಷ್ಟವೇನಲ್ಲ.

ಕಂಟ್ರೋಲ್-ಸಿ ಒತ್ತಿದರೆ ಪ್ರೋಗ್ರಾಂಗೆ ತಲುಪುವುದು ಸಿಗ್‌ಇಂಟ್ ಎಂಬ 2ನೇ ಸಂಕೇತ. ಕಿಲ್ ಆಜ್ಞೆ ಕೊಟ್ಟರೆ 15ನೆಯದಾದ ಸಿಗ್‌ಟರ್ಮ್. ಪೈಥಾನ್ ಮೊದಲನೆಯದನ್ನು ಕೀಬೋರ್ಡ್‌ಇಂಟರಪ್ಟ್ ಎಂಬ ಎಕ್ಸೆಪ್ಷನ್ ಆಗಿಸುತ್ತದೆ, ಹಾಗಾಗಿ ಫೈನಲಿ ಭಾಗ ಓಡುತ್ತದೆ, ಆದರೆ ಬರೆಯುತ್ತಿದ್ದ ಫೈಲ್ ಅರ್ಧಕ್ಕೇ ನಿಲ್ಲಬಹುದು. ಎರಡನೆಯದಕ್ಕೆ ನೀವು ಏನೂ ಬರೆದಿಲ್ಲವಾದರೆ ಫೈನಲಿ ಕೂಡ ಓಡದೆ ಪ್ರೋಗ್ರಾಂ ಸಾಯುತ್ತದೆ. ಆದ್ದರಿಂದ ಎರಡಕ್ಕೂ ಹ್ಯಾಂಡ್ಲರ್, ಅಂದರೆ ಸಂಕೇತ ಬಂದಾಗ ಓಡುವ ಫಂಕ್ಷನ್ ಬೇಕು.

ಮೊದಲು 'ನಿಲ್ಲಬೇಕು' ಎಂಬ ವೇರಿಯೇಬಲ್ ಮಾಡಿ, ಅದಕ್ಕೆ ಫಾಲ್ಸ್ ಕೊಡಿ. ಹ್ಯಾಂಡ್ಲರ್ ಫಂಕ್ಷನ್ ಅದನ್ನು ಟ್ರೂ ಮಾಡಲಿ, ಬಂದ ಸಂಕೇತದ ಸಂಖ್ಯೆಯನ್ನು ಇನ್ನೊಂದು ವೇರಿಯೇಬಲ್‌ನಲ್ಲಿ ಇಟ್ಟುಕೊಳ್ಳಲಿ, ಅಷ್ಟೇ. ಫೈಲ್ ಮುಚ್ಚುವುದು, ಅಳಿಸುವುದು ಯಾವುದೂ ಅಲ್ಲಿ ಬೇಡ. ಸಂಕೇತ ಯಾವ ಸಾಲಿನ ನಡುವೆ ಬಂದೀತೆಂದು ಹೇಳಲಾಗದು. ಸಿ ಭಾಷೆಯಲ್ಲಂತೂ ಹ್ಯಾಂಡ್ಲರ್ ಒಳಗೆ ಪ್ರಿಂಟ್‌ಎಫ್ ಕರೆಯುವುದೂ ಸುರಕ್ಷಿತವಲ್ಲ. ಫಂಕ್ಷನ್‌ನ ಮೊದಲ ಸಾಲಿನಲ್ಲಿ ಗ್ಲೋಬಲ್ ಎಂದು ಬರೆಯಲು ಮರೆಯಬೇಡಿ. ಮರೆತರೆ ಬದಲಾಗುವುದು ಅದೇ ಹೆಸರಿನ ಒಳಗಿನ ವೇರಿಯೇಬಲ್. ನೀವು ಎಷ್ಟು ಒತ್ತಿದರೂ ಪ್ರೋಗ್ರಾಂ ಓಡುತ್ತಲೇ ಇರುತ್ತದೆ.

ಲೂಪ್ ಶುರುವಾಗುವ ಮುಂಚೆಯೇ ಸಿಗ್ನಲ್ ಮಾಡ್ಯೂಲ್ ಬಳಸಿ ಈ ಹ್ಯಾಂಡ್ಲರನ್ನು ಎರಡೂ ಸಂಕೇತಗಳಿಗೆ ಜೋಡಿಸಿ. ಲೂಪ್‌ನಲ್ಲಿ ಪ್ರತಿ ಹೊಸ ಫೈಲ್ ಎತ್ತಿಕೊಳ್ಳುವ ಮುನ್ನ ಆ ವೇರಿಯೇಬಲ್ ನೋಡಿ. ಟ್ರೂ ಆಗಿದ್ದರೆ ಹೊರಬನ್ನಿ. ನಡುವೆ ಸ್ಲೀಪ್ ಇದ್ದರೆ ಒಂದೊಂದು ಸೆಕೆಂಡಿನ ತುಂಡು ಮಾಡಿ. ಪೈಥಾನ್ 3.5ರಿಂದ ಈಚೆಗೆ ಹ್ಯಾಂಡ್ಲರ್ ಮುಗಿದ ಮೇಲೂ ಉಳಿದ ನಿದ್ದೆ ಮುಂದುವರಿಯುತ್ತದೆ.

9ನೇ ಸಂಕೇತ ಸಿಗ್‌ಕಿಲ್ ಅನ್ನು ಯಾವ ಪ್ರೋಗ್ರಾಮೂ ಹಿಡಿಯಲಾರದು. ಡಾಕರ್‌ನ ಸ್ಟಾಪ್ ಆಜ್ಞೆ ಸಾಮಾನ್ಯವಾಗಿ ಸಿಗ್‌ಟರ್ಮ್ ಕಳಿಸಿ 10 ಸೆಕೆಂಡ್ ಕಾಯುತ್ತದೆ, ಆಮೇಲೆ ಇದನ್ನೇ ಕಳಿಸುತ್ತದೆ. ಅದಕ್ಕೇ ಇಡೀ ವಿಷಯದಲ್ಲಿ ನಾನು ಹೆಚ್ಚು ನೆಚ್ಚುವುದು ಈ ಹೆಜ್ಜೆಯನ್ನು: ಅದೇ ಫೋಲ್ಡರಿನಲ್ಲಿ ತಾತ್ಕಾಲಿಕ ಹೆಸರಿನಲ್ಲಿ ಬರೆಯಿರಿ, ಪೂರ್ತಿ ಬರೆದು ಮುಚ್ಚಿದ ಮೇಲೆ ಓಎಸ್ ಮಾಡ್ಯೂಲಿನ ರಿಪ್ಲೇಸ್ ಫಂಕ್ಷನ್‌ನಿಂದ ನಿಜವಾದ ಹೆಸರು ಕೊಡಿ. ಪ್ರೋಗ್ರಾಂ ಹೇಗೇ ಸತ್ತರೂ ನಿಜವಾದ ಹೆಸರಿನಡಿ ತುಂಡು ಫೈಲ್ ಕೂರುವುದಿಲ್ಲ.

ಹೊರಬರುವಾಗ ಕಂಟ್ರೋಲ್-ಸಿಗೆ 130, ಸಿಗ್‌ಟರ್ಮ್‌ಗೆ 143 ಎಂಬ ನಿರ್ಗಮನ ಸಂಖ್ಯೆ ಕೊಡಿ. ಸಂಕೇತದ ಸಂಖ್ಯೆಗೆ 128 ಕೂಡಿಸುವುದು ಶೆಲ್‌ನ ವಾಡಿಕೆ.

ಇನ್ನು ಪರೀಕ್ಷೆ. ಹತ್ತಿಪ್ಪತ್ತು ಫೈಲ್‌ಗಳ ನಕಲು ಇಟ್ಟುಕೊಂಡು ಓಡಿಸಿ. ಒಮ್ಮೆ ಕಂಟ್ರೋಲ್-ಸಿ ಒತ್ತಿ, ಇನ್ನೊಮ್ಮೆ ಬೇರೆ ಟರ್ಮಿನಲ್‌ನಿಂದ ಕಿಲ್ ಕೊಡಿ, ಮೂರನೆಯ ಸಲ ಕಿಲ್ ಜೊತೆ 9 ಸೇರಿಸಿ. ಪ್ರತಿ ಸಲವೂ ಕೊನೆಯದಾಗಿ ನಿಜವಾದ ಹೆಸರು ಪಡೆದ ಫೈಲ್ ತೆರೆದು ಅದರ ಕಡೆಯ ಸಾಲನ್ನು ಮೂಲದೊಂದಿಗೆ ಹೋಲಿಸಿ ನೋಡಿ.